ಮೈಸೂರಿನಲ್ಲಿ ತೆರೆಯುವ ತಾಣ ಮಂಡ್ಯದಲ್ಲಿ ತೆರೆಯದಿದ್ದರೆ: ನೇಮ್‌ಸರ್ವರ್ ದೋಷ ಹುಡುಕುವ ಕ್ರಮ

ಜಾಲತಾಣವೊಂದು ಎಲ್ಲರಿಗೂ ಒಮ್ಮೆಲೇ ನಿಂತುಹೋದರೆ ಕಾರಣ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಮಂಡ್ಯದ ಬೆಲ್ಲದ ವರ್ತಕರೊಬ್ಬರ ತಾಣ ಅವರ ಮೊಬೈಲಿನಲ್ಲೇ ತೆರೆಯದೆ ಮೈಸೂರಿನ ಗ್ರಾಹಕರಿಗೆ ಮಾತ್ರ ತೆರೆಯುತ್ತಿದ್ದರೆ, ಅಥವಾ ಬೆಳಿಗ್ಗೆ ಬಂದದ್ದು ಮಧ್ಯಾಹ್ನ ಕೈಕೊಟ್ಟು ಸಂಜೆ ತಾನಾಗಿಯೇ ಸರಿಹೋದರೆ, ಆಗ ನಿಜವಾದ ಪೇಚಾಟ ಆರಂಭವಾಗುತ್ತದೆ. ಇಂಥ ದೂರು ಬಂದಾಗ ಮೊದಲು ರೂಟರನ್ನು ಆಫ್ ಮಾಡಿ ಆನ್ ಮಾಡುವುದು, ನಂತರ ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವುದು, ಕೊನೆಗೆ ಹೋಸ್ಟಿಂಗ್‌ನವರನ್ನು ದೂರುವುದು ವಾಡಿಕೆ. ಎಷ್ಟೋ ಸಲ ತಪ್ಪು ಈ ಮೂರರಲ್ಲಿ ಯಾವುದರದ್ದೂ ಆಗಿರುವುದಿಲ್ಲ. ಆ ಡೊಮೇನಿಗೆ (ತಾಣದ ಹೆಸರಿಗೆ) ಉತ್ತರ ಹೇಳಬೇಕಾದ, ಅಂದರೆ ಕೇಳಿದವರಿಗೆ ಅದರ ವಿಳಾಸ ತಿಳಿಸಬೇಕಾದ, ನೇಮ್‌ಸರ್ವರ್‌ಗಳು ಒಂದೊಂದು ಒಂದೊಂದು ಮಾತು ಹೇಳುತ್ತಿರುತ್ತವೆ.

ಅಂಗಡಿ, ಲಾಡ್ಜ್, ಶಾಲೆ, ಸಹಕಾರ ಸಂಘಗಳ ತಾಣಗಳನ್ನು ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದೆ. ಇಂಥ ಕಡೆಗಳಲ್ಲಿ ಡೊಮೇನನ್ನು ಒಂದು ಕಡೆ ಕೊಂಡಿರುತ್ತಾರೆ, ಹೋಸ್ಟಿಂಗ್ ಇನ್ನೊಂದು ಕಡೆ ಇರುತ್ತದೆ, ಇಮೇಲ್ ಮೂರನೆಯವರ ಬಳಿ ಇರುತ್ತದೆ, ಇವನ್ನೆಲ್ಲ ಜೋಡಿಸಿಕೊಟ್ಟ ಹುಡುಗ ಬೆಂಗಳೂರಿಗೆ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಹಾಗಾಗಿ ಯಾರನ್ನೂ ಕೇಳದೆ, ಹೊರಗಿನಿಂದಲೇ ಪರೀಕ್ಷಿಸಿ ತಿಳಿಯಬಹುದಾದ ಸಂಗತಿಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ. ಪರೀಕ್ಷೆಗೆ ಬೇಕಾದ ಮುಖ್ಯ ಸಾಧನ ಡಿಗ್ ಎಂಬ ಆದೇಶ. ಅದು ಮ್ಯಾಕ್‌ನಲ್ಲಿ ಮೊದಲಿನಿಂದಲೇ ಇರುತ್ತದೆ, ಉಬುಂಟುವಿನಲ್ಲಿ ಡಿಎನ್‌ಎಸ್‌ಯುಟಿಲ್ಸ್ ಎಂಬ ಪ್ಯಾಕೇಜಿನೊಂದಿಗೆ ಬರುತ್ತದೆ. ವಿಂಡೋಸ್‌ನಲ್ಲಿ ಇರುವ ಎನ್‌ಎಸ್‌ಲುಕಪ್‌ನಿಂದಲೂ ಕೆಲಸ ನಡೆಯುತ್ತದೆಯಾದರೂ ಅದು ಉತ್ತರದ ಎಲ್ಲ ವಿವರವನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಉದಾಹರಣೆಗಾಗಿ ಬೆಲ್ಲದಂಗಡಿ.ಎಕ್ಸಾಂಪಲ್ ಎಂಬ ಹೆಸರನ್ನು ಬಳಸಿದ್ದೇನೆ. ಎಕ್ಸಾಂಪಲ್ ಎಂಬ ಕೊನೆಯ ಭಾಗವನ್ನು ಇಂಥ ಬರವಣಿಗೆಗೆಂದೇ 1999ರಿಂದ ಕಾದಿರಿಸಲಾಗಿದೆ.

ಎರಡು ಕಡೆ ಇರುವ ಒಂದೇ ಪಟ್ಟಿ

ಬ್ರೌಸರಿನಲ್ಲಿ ಹೆಸರು ಟೈಪಿಸಿದಾಗ ನಮ್ಮ ಫೋನ್ ಅಥವಾ ಕಂಪ್ಯೂಟರ್ ಆ ಹೆಸರಿನ ಐಪಿ ವಿಳಾಸವನ್ನು ಒಂದು ರಿಸಾಲ್ವರಿಗೆ, ಅಂದರೆ ನಮ್ಮ ಪರವಾಗಿ ವಿಳಾಸ ಹುಡುಕಿಕೊಡುವ ಸರ್ವರಿಗೆ, ಕೇಳುತ್ತದೆ. ರಿಸಾಲ್ವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ರೂಟ್ ಸರ್ವರುಗಳಲ್ಲಿ ಒಂದನ್ನು ಕೇಳುತ್ತದೆ. ಎ ಇಂದ ಎಂ ವರೆಗಿನ 13 ಹೆಸರುಗಳಲ್ಲಿ ಇವು ಜಗತ್ತಿನಾದ್ಯಂತ ಹರಡಿಕೊಂಡಿವೆ. ಡಾಟ್ ಇನ್ ಹೆಸರಾಗಿದ್ದರೆ ರೂಟ್ ಸರ್ವರ್ ಅದನ್ನು ಡಾಟ್ ಇನ್‌ನ ಸರ್ವರುಗಳತ್ತ ಕಳಿಸುತ್ತದೆ, ಅವು ‘ಈ ಡೊಮೇನಿನ ನೇಮ್‌ಸರ್ವರ್‌ಗಳು ಇಂತಿಂಥವು, ಅಲ್ಲಿ ಕೇಳಿ’ ಎನ್ನುತ್ತವೆ. ರಿಸಾಲ್ವರ್ ಅಲ್ಲಿಗೆ ಹೋಗಿ ಕೊನೆಯ ಉತ್ತರ ಪಡೆದು, ಆ ಉತ್ತರದೊಂದಿಗೆ ಬಂದ ಟಿಟಿಎಲ್ ಅವಧಿ ಮುಗಿಯುವವರೆಗೆ ಅದನ್ನು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಂದು ಡೊಮೇನಿನ ನೇಮ್‌ಸರ್ವರ್‌ಗಳ ಪಟ್ಟಿ ಎರಡು ಕಡೆ ಇರುತ್ತದೆ. ಮೊದಲನೆಯದು ಮೇಲಿನವರ ಬಳಿ (ಡಾಟ್ ಇನ್‌ನಂಥ ಸರ್ವರುಗಳಲ್ಲಿ), ಅಂದರೆ ನಾವು ಡೊಮೇನ್ ಮಾರಿದ ರಿಜಿಸ್ಟ್ರಾರ್ ಮೂಲಕ ತುಂಬಿಸಿದ ಪಟ್ಟಿ. ಎರಡನೆಯದು ಡೊಮೇನಿನ ಸ್ವಂತ ಜೋನ್‌ನೊಳಗೆ, ಅಂದರೆ ಅದರ ನೇಮ್‌ಸರ್ವರ್‌ಗಳಲ್ಲಿರುವ ದಾಖಲೆಗಳ ಕಡತದೊಳಗೆ, ಎನ್‌ಎಸ್ (ನೇಮ್‌ಸರ್ವರ್) ರೆಕಾರ್ಡುಗಳಾಗಿ ಇರುವುದು. ಇವೆರಡೂ ಒಂದೇ ಆಗಿರಬೇಕು, ಆದರೆ ಒಂದೇ ಆಗಿವೆಯೇ ಎಂದು ಯಾರೂ ತಾವಾಗಿ ನೋಡುವುದಿಲ್ಲ. ಪಹಣಿಯಲ್ಲಿ ಒಬ್ಬರ ಹೆಸರು, ಅನುಭೋಗದಲ್ಲಿ ಇನ್ನೊಬ್ಬರು ಇರುವ ಜಮೀನಿನಂತೆ ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆದು, ಏನಾದರೂ ಬದಲಾವಣೆ ಮಾಡಹೊರಟ ದಿನ ತಕರಾರು ತೆಗೆಯುತ್ತದೆ.

ಮೊದಲ ಹೆಜ್ಜೆ: ಬಂದ ಉತ್ತರ ಯಾವ ಬಗೆಯದು

‘ಸೈಟ್ ಬರುತ್ತಿಲ್ಲ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಡಿಗ್ ಎಂದು ಬರೆದು ಮುಂದೆ ಡೊಮೇನ್ ಹೆಸರನ್ನು ಕೊಟ್ಟರೆ ಉತ್ತರದ ತಲೆಭಾಗದಲ್ಲಿ ಸ್ಟೇಟಸ್ ಎಂಬ ಪದದ ಪಕ್ಕ ಒಂದು ಸಂಕೇತ ಕಾಣುತ್ತದೆ. ಮುಂದಿನ ಹುಡುಕಾಟವೆಲ್ಲ ಅದರ ಮೇಲೆ ನಿಂತಿದೆ. ಎನ್‌ಎಕ್ಸ್‌ಡೊಮೇನ್ ಎಂದಿದ್ದರೆ ಆ ಹೆಸರೇ ಇಲ್ಲವೆಂದು ಯಾವುದೋ ಸರ್ವರ್ ಖಚಿತವಾಗಿ ಹೇಳಿದೆ: ಕಾಗುಣಿತ ತಪ್ಪಿರಬಹುದು, ಡೊಮೇನಿನ ಅವಧಿ ಮುಗಿದು ಮೇಲಿನವರ ಪಟ್ಟಿಯಿಂದ ಹೊರಬಿದ್ದಿರಬಹುದು, ಇಲ್ಲವೇ ಜೋನ್‌ನಲ್ಲಿ ಆ ರೆಕಾರ್ಡನ್ನು ಬರೆಯದೆ ಬಿಟ್ಟಿರಬಹುದು. ನೋಎರರ್ ಎಂದಿದ್ದು ಉತ್ತರದ ಭಾಗ ಖಾಲಿಯಾಗಿದ್ದರೆ ಹೆಸರು ಇದೆ, ಆದರೆ ಕೇಳಿದ ಬಗೆಯ ರೆಕಾರ್ಡ್ ಇಲ್ಲ ಎಂದರ್ಥ. ರಿಫ್ಯೂಸ್ಡ್ ಎಂದರೆ ಸರ್ವರ್ ಉತ್ತರಿಸಲು ಒಪ್ಪಲಿಲ್ಲ. ಏನೂ ಬಾರದೆ ಸಮಯ ಮೀರಿತು ಎಂಬ ಸಂದೇಶ ಮಾತ್ರ ಬಂದರೆ ದಾರಿಯಲ್ಲಿ ತಡೆಯಿದೆ, ಇಲ್ಲವೇ ಸರ್ವರೇ ನಿಂತಿದೆ.

ನೇಮ್‌ಸರ್ವರ್ ದೋಷಗಳಲ್ಲಿ ಹೆಚ್ಚಿನವು ತೋರುವುದು ಸರ್ವ್‌ಫೇಲ್ ಎಂಬ ಸಂಕೇತದಲ್ಲಿ. ‘ನಾನು ಪ್ರಯತ್ನಿಸಿದೆ, ನಂಬಬಹುದಾದ ಉತ್ತರ ಸಿಗಲಿಲ್ಲ’ ಎಂದು ರಿಸಾಲ್ವರ್ ಕೈಚೆಲ್ಲಿದಾಗ ಇದು ಬರುತ್ತದೆ. ಸರ್ವ್‌ಫೇಲ್ ಕಂಡ ಕೂಡಲೇ ಫೋನ್, ವೈಫೈ, ಬ್ರೌಸರುಗಳನ್ನು ಮುಟ್ಟುವುದನ್ನು ನಿಲ್ಲಿಸಿ ಮುಂದಿನ ಹೆಜ್ಜೆಗಳಿಗೆ ಹೋಗಬಹುದು.

ಒಂದು ಅಪವಾದವನ್ನು ಮಾತ್ರ ಮೊದಲೇ ಬದಿಗಿಡಬೇಕು. ತಾಣ ಊರಿಗೆಲ್ಲ ತೆರೆದು, ಸ್ವಂತ ಕಚೇರಿಯ ಒಳಗೆ ಮಾತ್ರ ತೆರೆಯದಿದ್ದರೆ, ಕಚೇರಿಯ ವಿಂಡೋಸ್ ಸರ್ವರಿನ ಆಕ್ಟಿವ್ ಡೈರೆಕ್ಟರಿಗೂ (ಕಚೇರಿಯ ಬಳಕೆದಾರರು, ಯಂತ್ರಗಳ ಪಟ್ಟಿಗೂ) ಹೊರಗಿನ ಡೊಮೇನಿನ ಹೆಸರನ್ನೇ ಇಟ್ಟಿದ್ದಾರೆಯೇ ನೋಡಿ. ಹಾಗಿದ್ದರೆ ಒಳಗಿನ ಸರ್ವರ್ ತನ್ನನ್ನೇ ಆ ಹೆಸರಿನ ಒಡೆಯನೆಂದು ತಿಳಿದಿರುತ್ತದೆ. ಅದರೊಳಗೆ ತಾಣದ ರೆಕಾರ್ಡನ್ನೂ ಸೇರಿಸಿದರೆ ಕೆಲಸ ಮುಗಿಯಿತು.

ಎರಡನೆಯ ಹೆಜ್ಜೆ: ಬೇರೆ ಬೇರೆ ರಿಸಾಲ್ವರುಗಳನ್ನು ಕೇಳಿ

ಡಿಗ್ ಆದೇಶದಲ್ಲಿ @ ಚಿಹ್ನೆಯ ಪಕ್ಕ ವಿಳಾಸ ಕೊಟ್ಟರೆ ಅದೇ ಸರ್ವರನ್ನು ಕೇಳುತ್ತದೆ. 1.1.1.1, 8.8.8.8, 9.9.9.9 ಎಂಬ ಮೂರು ಸಾರ್ವಜನಿಕ ರಿಸಾಲ್ವರುಗಳನ್ನೂ ನಿಮ್ಮ ಇಂಟರ್ನೆಟ್ ಕಂಪನಿಯ ರಿಸಾಲ್ವರನ್ನೂ ಒಂದಾದ ಮೇಲೊಂದು ಕೇಳಿ, ಉತ್ತರಗಳನ್ನು ಬರೆದುಕೊಳ್ಳಿ. ನಾಲ್ಕೂ ಒಂದೇ ಬಗೆಯಲ್ಲಿ ವಿಫಲವಾದರೆ ದೋಷ ಡೊಮೇನಿನದು. ಕಂಪನಿಯದೊಂದೇ ವಿಫಲವಾದರೆ ಅದರ ನೆನಪಿನಲ್ಲಿ ಹಳೆಯ ಉತ್ತರ ಉಳಿದಿರಬಹುದು. ಮೂರು ಸಾರ್ವಜನಿಕ ರಿಸಾಲ್ವರುಗಳೂ ಸರ್ವ್‌ಫೇಲ್ ಎಂದು, ಕಂಪನಿಯದು ಮಾತ್ರ ಸರಿಯಾದ ಉತ್ತರ ಕೊಟ್ಟರೆ ಅದು ಡಿಎನ್‌ಎಸ್‌ಸೆಕ್, ಅಂದರೆ ಉತ್ತರಗಳನ್ನು ಡಿಜಿಟಲ್ ಸಹಿಯಿಂದ ದೃಢಪಡಿಸುವ ವ್ಯವಸ್ಥೆಯ, ದೋಷದ ಗುರುತು. ಅದಕ್ಕೆ ಕೆಳಗೆ ಪ್ರತ್ಯೇಕ ಜಾಗವಿದೆ.

ಮೂರನೆಯ ಹೆಜ್ಜೆ: ಮೇಲಿನವರ ದಾಖಲೆ

ಡೊಮೇನಿನ ಅವಧಿ ಮುಗಿದಿದೆಯೇ ಎಂಬುದನ್ನು ಹೂಈಸ್ ಎಂಬ ಡೊಮೇನ್ ನೋಂದಣಿ ಮಾಹಿತಿಯಲ್ಲಿ ನೋಡುವುದು ನಾಚಿಕೆಪಡುವಷ್ಟು ಸರಳವಾದ ಕೆಲಸ, ಆದರೂ ಅದನ್ನು ಮೊದಲು ಮಾಡಬೇಕು. ಅಲ್ಲಿಯೇ ಸ್ಟೇಟಸ್ ಸಾಲಿನಲ್ಲಿ ಕ್ಲೈಂಟ್‌ಹೋಲ್ಡ್ ಅಥವಾ ಸರ್ವರ್‌ಹೋಲ್ಡ್ ಎಂದಿದ್ದರೆ ಹೆಸರನ್ನು ತಡೆಹಿಡಿಯಲಾಗಿದೆ. ಆಗ ನೇಮ್‌ಸರ್ವರ್‌ಗಳನ್ನು ತಡಕಾಡಿ ಪ್ರಯೋಜನವಿಲ್ಲ, ರಿಜಿಸ್ಟ್ರಾರ್ ಜೊತೆಯೇ ಮಾತಾಡಬೇಕು. ಡಾಟ್ ಇನ್ ಹೆಸರುಗಳ ಮೂಲ ದಾಖಲೆಯ ಹೊಣೆ ನಿಕ್ಸಿ ಸಂಸ್ಥೆಯದಾದರೂ ಗ್ರಾಹಕರು ವ್ಯವಹರಿಸಬೇಕಾದದ್ದು ತಾವು ಹಣ ಕಟ್ಟಿದ ರಿಜಿಸ್ಟ್ರಾರ್ ಜೊತೆಗೆ.

ನಂತರ ಡಿಗ್ ಆದೇಶಕ್ಕೆ ಪ್ಲಸ್ ಚಿಹ್ನೆಯೊಂದಿಗೆ ಟ್ರೇಸ್ ಎಂದು ಸೇರಿಸಿ. ಆಗ ಡಿಗ್ ಯಾವ ರಿಸಾಲ್ವರಿನ ನೆನಪನ್ನೂ ಅವಲಂಬಿಸದೆ ರೂಟ್‌ನಿಂದ ಕೆಳಗಿನವರೆಗೆ ತಾನೇ ನಡೆದು, ಪ್ರತಿ ಹಂತದಲ್ಲಿ ಯಾರು ಯಾರನ್ನು ತೋರಿಸಿದರು ಎಂಬುದನ್ನು ಮುದ್ರಿಸುತ್ತದೆ. ಕೊನೆಗಿಂತ ಹಿಂದಿನ ಹಂತದಲ್ಲಿ ಕಾಣುವ ನೇಮ್‌ಸರ್ವರ್‌ಗಳ ಪಟ್ಟಿಯೇ ಮೇಲಿನವರ ಬಳಿ ಇರುವ ಪಟ್ಟಿ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪ್ರತಿಯೊಂದು ನೇಮ್‌ಸರ್ವರನ್ನೂ ಬೇರೆ ಬೇರೆಯಾಗಿ ಕೇಳಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಹೇಳುತ್ತೇನೆ. ಪಟ್ಟಿಯಲ್ಲಿರುವ ಒಂದೊಂದು ನೇಮ್‌ಸರ್ವರಿನ ವಿಳಾಸವನ್ನೂ @ ಚಿಹ್ನೆಯೊಂದಿಗೆ ಕೊಟ್ಟು, ಬೆಲ್ಲದಂಗಡಿ.ಎಕ್ಸಾಂಪಲ್‌ನ ಎಸ್‌ಒಎ ರೆಕಾರ್ಡ್ (ಜೋನ್‌ನ ಮೂಲ ವಿವರ) ಮತ್ತು ಎನ್‌ಎಸ್ ರೆಕಾರ್ಡುಗಳನ್ನು ಕೇಳಿ. ಪ್ರತಿ ಉತ್ತರದಲ್ಲಿ ಮೂರು ಸಂಗತಿಗಳನ್ನು ನೋಡಬೇಕು: ಫ್ಲ್ಯಾಗ್‌ಗಳ ಸಾಲಿನಲ್ಲಿ ಎಎ (ಇದು ಅಧಿಕೃತ ಉತ್ತರ ಎಂಬ ಗುರುತು) ಇದೆಯೇ, ಎಸ್‌ಒಎಯಲ್ಲಿರುವ ಸೀರಿಯಲ್ ಸಂಖ್ಯೆ (ಜೋನ್‌ನ ಆವೃತ್ತಿಯ ಅಂಕಿ) ಎಷ್ಟು, ಮತ್ತು ಎನ್‌ಎಸ್ ಪಟ್ಟಿ ನೀವು ಬರೆದಿಟ್ಟುಕೊಂಡ ಪಟ್ಟಿಗೆ ಹೊಂದುತ್ತದೆಯೇ.

ಎಎ ಇಲ್ಲದಿದ್ದರೆ, ಅಥವಾ ರಿಫ್ಯೂಸ್ಡ್ ಎಂದೋ ಸರ್ವ್‌ಫೇಲ್ ಎಂದೋ ಬಂದರೆ, ಮೇಲಿನವರು ತೋರಿಸುತ್ತಿರುವ ಆ ಸರ್ವರಿಗೆ ಈ ಡೊಮೇನಿನ ಜೋನ್ ಗೊತ್ತೇ ಇಲ್ಲ. ಇದಕ್ಕೆ ಲೇಮ್ ಡೆಲಿಗೇಶನ್ ಎನ್ನುತ್ತಾರೆ. ಮೂರರಲ್ಲಿ ಒಂದು ಹೀಗಿದ್ದರೆ ತಾಣ ನಿಲ್ಲುವುದಿಲ್ಲ, ಏಕೆಂದರೆ ರಿಸಾಲ್ವರ್ ಮುಂದಿನದನ್ನು ಕೇಳುತ್ತದೆ. ಕೆಟ್ಟ ಸರ್ವರ್ ತಕ್ಷಣ ಒಲ್ಲೆ ಎಂದರೆ ಬಳಕೆದಾರರಿಗೆ ತಿಳಿಯುವುದೂ ಇಲ್ಲ. ಅದು ಸುಮ್ಮನಿದ್ದರೆ ರಿಸಾಲ್ವರ್ ಕಾದು ಸುಸ್ತಾಗುವಷ್ಟರಲ್ಲಿ ಪುಟ ತೆರೆಯಲು ಕೆಲವು ಸೆಕೆಂಡುಗಳು ಹೆಚ್ಚು ಹಿಡಿಯುತ್ತವೆ. ‘ನಮ್ಮ ಸೈಟ್ ಸ್ವಲ್ಪ ಸ್ಲೋ’ ಎಂದು ಜನ ಒಗ್ಗಿಕೊಂಡಿರುವ ಎಷ್ಟೋ ತಾಣಗಳ ಹಿಂದೆ ಇಂಥ ಮೂಕ ಸರ್ವರೊಂದು ಇರುತ್ತದೆ.

ಮೂಕ ಸರ್ವರಿಗಿಂತ ಅಪಾಯಕಾರಿಯಾದದ್ದು ಹಳೆಯ ಉತ್ತರವನ್ನು ಧೈರ್ಯವಾಗಿ ಹೇಳುವ ಸರ್ವರ್. ಸೀರಿಯಲ್ ಸಂಖ್ಯೆಗಳು ಹೊಂದದಿದ್ದರೆ ಇದೇ ಆಗುತ್ತಿದೆ. ಒಂದು ಮುಖ್ಯ ಸರ್ವರಿನಿಂದ ಉಳಿದವು ಜೋನ್‌ನ ಪ್ರತಿ ಪಡೆಯುವ ಏರ್ಪಾಡಿನಲ್ಲಿ, ಮುಖ್ಯ ಸರ್ವರಿನಲ್ಲಿ ಬದಲಾವಣೆ ಮಾಡಿದವರು ಸೀರಿಯಲ್ ಹೆಚ್ಚಿಸಲು ಮರೆತರೆ ಉಳಿದವುಗಳಿಗೆ ಬದಲಾವಣೆ ಆದದ್ದೇ ತಿಳಿಯುವುದಿಲ್ಲ; ಆಗ ಸಂಖ್ಯೆ ಒಂದೇ ಇದ್ದರೂ ಉತ್ತರ ಬೇರೆಯಾಗಿರುತ್ತದೆ. ಸೀರಿಯಲ್ ಹೆಚ್ಚಿಸಿದ್ದರೂ ಪ್ರತಿ ಪಡೆಯಲು ಅನುಮತಿ ಇಲ್ಲದಿದ್ದರೆ ಅಥವಾ ನಡುವೆ ಫೈರ್‌ವಾಲ್ ಇದ್ದರೆ ಅವು ಹಳೆಯದನ್ನೇ ಹೇಳುತ್ತಿರುತ್ತವೆ, ಅದೂ ಎಸ್‌ಒಎಯ ಎಕ್ಸ್‌ಪೈರ್ ಅವಧಿ ಮುಗಿಯುವವರೆಗೆ. ಆ ಅವಧಿ ಸಾಮಾನ್ಯವಾಗಿ 604800 ಅಥವಾ 1209600 ಸೆಕೆಂಡುಗಳಷ್ಟು, ಅಂದರೆ ಒಂದು ವಾರ ಅಥವಾ ಎರಡು ವಾರ, ಇರುತ್ತದೆ. ಅದು ಮುಗಿದ ದಿನ ಆ ಸರ್ವರ್‌ಗಳು ಸರ್ವ್‌ಫೇಲ್ ಎನ್ನತೊಡಗುತ್ತವೆ. ಫೈರ್‌ವಾಲ್ ಬದಲಿಸಿದ್ದು ಎರಡು ವಾರದ ಹಿಂದೆ, ದೂರು ಬಂದದ್ದು ಇಂದು. ಹೀಗಾಗಿ ಇವೆರಡರ ನಂಟು ಯಾರಿಗೂ ಹೊಳೆಯುವುದಿಲ್ಲ. ‘ನಾವೇನೂ ಮುಟ್ಟಿಲ್ಲ, ತಾನಾಗಿಯೇ ಕೆಟ್ಟಿತು’ ಎಂಬ ಮಾತು ಕೇಳಿದಾಗ ನಾನು ಮೊದಲು ನೋಡುವುದು ಎಕ್ಸ್‌ಪೈರ್ ಅಂಕಿಯನ್ನು.

ಮೂರನೆಯ ಸಂಗತಿ, ಅಂದರೆ ಎರಡು ಪಟ್ಟಿಗಳ ಹೊಂದಾಣಿಕೆ, ಹೋಸ್ಟಿಂಗ್ ಬದಲಿಸಿದಾಗ ಕಾಟ ಕೊಡುತ್ತದೆ. ಹಳೆಯ ಕಂಪನಿಯ ಜೋನ್ ಫೈಲನ್ನು ಹಾಗೆಯೇ ನಕಲು ಮಾಡಿ ಹೊಸ ಕಂಪನಿಯಲ್ಲಿ ಹಾಕಿದರೆ ಅದರೊಳಗಿನ ಎನ್‌ಎಸ್ ರೆಕಾರ್ಡುಗಳು ಹಳೆಯ ಕಂಪನಿಯ ಸರ್ವರುಗಳನ್ನೇ ತೋರಿಸುತ್ತಿರುತ್ತವೆ. ರಿಜಿಸ್ಟ್ರಾರ್ ಬಳಿ ಪಟ್ಟಿ ಸರಿಯಾಗಿರುವುದರಿಂದ ಮೊದಲ ಸಲ ಕೇಳಿದ ರಿಸಾಲ್ವರ್ ಹೊಸ ಸರ್ವರಿಗೇ ಹೋಗುತ್ತದೆ. ಆದರೆ ಹಲವು ರಿಸಾಲ್ವರುಗಳು ಜೋನ್‌ನೊಳಗಿನ ಪಟ್ಟಿಗೆ ಹೆಚ್ಚು ಬೆಲೆ ಕೊಡುವುದರಿಂದ, ಅದನ್ನು ನೋಡಿದ ಮೇಲೆ ಮುಂದಿನ ಪ್ರಶ್ನೆಗಳನ್ನು ಹಳೆಯ ಸರ್ವರಿಗೆ ಒಯ್ಯುತ್ತವೆ. ಹಳೆಯ ಕಂಪನಿ ಜೋನನ್ನು ಇನ್ನೂ ಅಳಿಸಿರದಿದ್ದರೆ ಹಳೆಯ ತಾಣ ಕಾಣುತ್ತದೆ, ಅಳಿಸಿದ್ದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು ಎಂಬ ವಿಚಿತ್ರಕ್ಕೆ ಇದು ಪ್ರಮುಖ ಕಾರಣ. ಮೈಸೂರು ಮತ್ತು ಮಂಡ್ಯದ ಇಬ್ಬರು ಬಳಕೆದಾರರ ನಡುವಿನ ವ್ಯತ್ಯಾಸಕ್ಕೆ ಊರು ಕಾರಣವಲ್ಲ. ಅವರವರ ರಿಸಾಲ್ವರ್ ಯಾವ ಹೊತ್ತಿನಲ್ಲಿ ಯಾವ ಪಟ್ಟಿಯನ್ನು ನೆನಪಿಟ್ಟುಕೊಂಡಿತು ಎಂಬುದು ಕಾರಣ.

ಸ್ವಂತ ಹೆಸರಿನ ನೇಮ್‌ಸರ್ವರ್ ಇದ್ದರೆ

ಹೆಬ್ಬಾಳ ಅಥವಾ ಹೂಟಗಳ್ಳಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ತನ್ನ ಕಟ್ಟಡದಲ್ಲೇ ನೇಮ್‌ಸರ್ವರ್ ಇಟ್ಟುಕೊಂಡು, ಅದಕ್ಕೆ ತನ್ನ ಡೊಮೇನಿನೊಳಗಿನ ಹೆಸರನ್ನೇ ಕೊಟ್ಟಿದೆಯೆಂದು ಭಾವಿಸೋಣ. ಆ ಸರ್ವರಿನ ವಿಳಾಸ ತಿಳಿಯಲು ಆ ಸರ್ವರನ್ನೇ ಕೇಳಬೇಕಾದ ಸಿಕ್ಕನ್ನು ಬಿಡಿಸಲು ಮೇಲಿನವರು ಹೆಸರಿನ ಜೊತೆಗೆ ಐಪಿ ವಿಳಾಸವನ್ನೂ ಇಟ್ಟುಕೊಂಡಿರುತ್ತಾರೆ. ಇದೇ ಗ್ಲೂ ರೆಕಾರ್ಡ್. ಇಂಟರ್ನೆಟ್ ಕಂಪನಿಯನ್ನು ಬದಲಿಸಿದಾಗ ವಿಳಾಸ 192.0.2.10ರಿಂದ 203.0.113.10 ಆಯಿತು ಎನ್ನಿ. ಜೋನ್ ಫೈಲಿನಲ್ಲಿ ತಿದ್ದಿದರೆ ಸಾಲದು, ರಿಜಿಸ್ಟ್ರಾರ್‌ನ ಪುಟದಲ್ಲಿ ಹೋಸ್ಟ್ ಅಥವಾ ಚೈಲ್ಡ್ ನೇಮ್‌ಸರ್ವರ್ ಎಂಬ ಕಡೆ ಗ್ಲೂ ವಿಳಾಸವನ್ನೂ ತಿದ್ದಬೇಕು. ಈ ಪುಟವನ್ನು ಕೆಲವು ರಿಜಿಸ್ಟ್ರಾರ್‌ಗಳು ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ. ಟ್ರೇಸ್ ಮಾಡುವಾಗ ಕಂಡ ಡಾಟ್ ಇನ್ ಸರ್ವರುಗಳಲ್ಲಿ ಒಂದನ್ನು @ ಚಿಹ್ನೆಯೊಂದಿಗೆ ನೇರವಾಗಿ ಕೇಳಿ, ಅಡಿಷನಲ್ ಎಂಬ ಭಾಗದಲ್ಲಿ ಬರುವ ವಿಳಾಸ ಹೊಸದೋ ಹಳೆಯದೋ ನೋಡಿದರೆ ಸಂಶಯ ಬಗೆಹರಿಯುತ್ತದೆ.

ಜೋನ್ ಫೈಲಿನೊಳಗಿನ ಸಣ್ಣ ತಪ್ಪುಗಳು

ಬೈಂಡ್ ಎಂಬ ನೇಮ್‌ಸರ್ವರ್ ತಂತ್ರಾಂಶ ಬಳಸುವವರು ಪ್ರತಿ ತಿದ್ದುಪಡಿಯ ನಂತರ ನೇಮ್ಡ್-ಚೆಕ್‌ಜೋನ್ ಎಂಬ ತಪಾಸಣೆಯ ಆದೇಶ ಓಡಿಸುವ ಅಭ್ಯಾಸ ಇಟ್ಟುಕೊಂಡರೆ ಬಹುಪಾಲು ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಎಲ್ಲಕ್ಕಿಂತ ಹಳೆಯ ತಪ್ಪು ಪೂರ್ಣ ಹೆಸರಿನ ಕೊನೆಗೆ ಚುಕ್ಕೆ ಹಾಕದೆ ಬಿಡುವುದು. ಆಗ ಮೇಲ್.ಬೆಲ್ಲದಂಗಡಿ.ಎಕ್ಸಾಂಪಲ್ ಎಂಬುದು ಮೇಲ್.ಬೆಲ್ಲದಂಗಡಿ.ಎಕ್ಸಾಂಪಲ್.ಬೆಲ್ಲದಂಗಡಿ.ಎಕ್ಸಾಂಪಲ್ ಆಗಿ ಬೆಳೆದುಬಿಡುತ್ತದೆ. ಡೊಮೇನಿನ ಬರಿಯ ಹೆಸರಿಗೆ ಸಿನೇಮ್ (ಇನ್ನೊಂದು ಹೆಸರಿನತ್ತ ತೋರಿಸುವ ರೆಕಾರ್ಡ್) ಹಾಕುವಂತಿಲ್ಲ, ಏಕೆಂದರೆ ಸಿನೇಮ್ ಇರುವ ಕಡೆ ಎಸ್‌ಒಎ ಮತ್ತು ಎನ್‌ಎಸ್ ರೆಕಾರ್ಡುಗಳು ಇರುವಂತಿಲ್ಲ, ಅವಿಲ್ಲದೆ ಜೋನ್ ಇಲ್ಲ. ಎನ್‌ಎಸ್ ಮತ್ತು (ಇಮೇಲ್ ಸರ್ವರ್ ಯಾವುದೆಂದು ಹೇಳುವ) ಎಂಎಕ್ಸ್ ರೆಕಾರ್ಡುಗಳು ಸಿನೇಮ್ ಇರುವ ಹೆಸರನ್ನು ತೋರಿಸಬಾರದೆಂದು 1997ರ ಇಂಟರ್ನೆಟ್ ನಿಯಮಪತ್ರ ಆರ್‌ಎಫ್‌ಸಿ 2181 ಸ್ಪಷ್ಟವಾಗಿ ಹೇಳಿದೆ; ಕೆಲವು ಕಡೆ ಅದು ನಡೆದುಹೋಗುತ್ತದೆ, ಇನ್ನು ಕೆಲವು ಕಡೆ ಇಮೇಲ್ ತಲಪುವುದಿಲ್ಲ. ಡಾಟ್ ಭಾರತ ಎಂದು ಕೊನೆಗೊಳ್ಳುವ ಕನ್ನಡ ಹೆಸರನ್ನು ಕೊಂಡವರು ಜೋನ್ ಫೈಲಿನಲ್ಲಿ ಅದರ ಇಂಗ್ಲಿಷ್ ಅಕ್ಷರಗಳ ಪ್ಯೂನಿಕೋಡ್ ರೂಪವನ್ನೇ, ಅಂದರೆ ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ರೂಪವನ್ನೇ, ಬರೆಯಬೇಕು.

ಸಣ್ಣ ಉತ್ತರ ಬರುತ್ತದೆ, ದೊಡ್ಡದು ಬರುವುದಿಲ್ಲ

ತಾಣ ತೆರೆಯುತ್ತದೆ, ಆದರೆ ಇಮೇಲಿಗೆ ಬೇಕಾದ ಉದ್ದನೆಯ ಟಿಎಕ್ಸ್‌ಟಿ ರೆಕಾರ್ಡ್ ಕೇಳಿದರೆ ಸಮಯ ಮೀರುತ್ತದೆ ಎಂದಾದರೆ ಫೈರ್‌ವಾಲನ್ನು ಸಂಶಯಿಸಿ. ಮೂಲ ನಿಯಮದಲ್ಲಿ ಯುಡಿಪಿ (ಸಂಪರ್ಕ ಏರ್ಪಡಿಸದೆ ಪೊಟ್ಟಣ ಕಳಿಸುವ ವಿಧಾನ) ಉತ್ತರಕ್ಕೆ 512 ಬೈಟುಗಳ ಮಿತಿಯಿತ್ತು. ಈಗ ಇಡಿಎನ್‌ಎಸ್ ಎಂಬ ವಿಸ್ತರಣೆಯ ಮೂಲಕ ಹೆಚ್ಚು ಕೇಳಬಹುದು, ಅದಕ್ಕೂ ಮೀರಿದ ಉತ್ತರವನ್ನು ಟಿಸಿಪಿ (ಮೊದಲು ಸಂಪರ್ಕ ಏರ್ಪಡಿಸಿ ಕಳಿಸುವ ವಿಧಾನ) ಮೂಲಕ ಪಡೆಯಬೇಕು. 53ನೇ ಪೋರ್ಟನ್ನು ಯುಡಿಪಿಗೆ ಮಾತ್ರ ತೆರೆದು ಟಿಸಿಪಿಗೆ ಮುಚ್ಚುವುದು ಭದ್ರತೆಯ ಹೆಸರಿನಲ್ಲಿ ನಡೆಯುವ ಹಳೆಯ ಅವಿವೇಕ. ಡಿಗ್ ಆದೇಶಕ್ಕೆ ಪ್ಲಸ್ ಟಿಸಿಪಿ ಸೇರಿಸಿ ಪ್ರತಿ ನೇಮ್‌ಸರ್ವರನ್ನೂ ಕೇಳಿದರೆ ಇದು ತಕ್ಷಣ ಬಯಲಾಗುತ್ತದೆ. ದೊಡ್ಡ ಯುಡಿಪಿ ಪೊಟ್ಟಣಗಳು ದಾರಿಯಲ್ಲಿ ಒಡೆದು ಕಳೆದುಹೋಗುವುದನ್ನು ತಪ್ಪಿಸಲು 2020ರಿಂದ 1232 ಬೈಟುಗಳ ಮಿತಿಯನ್ನು ಶಿಫಾರಸು ಮಾಡಲಾಗಿದೆ. ಬೈಂಡ್‌ನ ಹೊಸ ಆವೃತ್ತಿಗಳಲ್ಲಿ ಅದೇ ಮೊದಲೇ ಇರುವ ಅಂಕಿ.

ಡಿಎನ್‌ಎಸ್‌ಸೆಕ್: ನೇರ ಕೇಳಿದರೆ ಸರಿ, ರಿಸಾಲ್ವರಿನಲ್ಲಿ ತಪ್ಪು

ಎಲ್ಲ ನೇಮ್‌ಸರ್ವರ್‌ಗಳೂ ನೇರವಾಗಿ ಕೇಳಿದಾಗ ಸರಿಯಾದ ಉತ್ತರ ಕೊಟ್ಟು, ಸಾರ್ವಜನಿಕ ರಿಸಾಲ್ವರುಗಳು ಸರ್ವ್‌ಫೇಲ್ ಎಂದರೆ ಅದೇ ಪ್ರಶ್ನೆಗೆ ಪ್ಲಸ್ ಸಿಡಿ ಸೇರಿಸಿ ಮತ್ತೆ ಕೇಳಿ. ಸಹಿ ಪರಿಶೀಲಿಸಬೇಡ ಎಂದು ರಿಸಾಲ್ವರಿಗೆ ಹೇಳುವ ಗುರುತು ಅದು. ಈಗ ಉತ್ತರ ಬಂದರೆ, ಮೇಲಿನವರ ಬಳಿ ಇರುವ ಡಿಎಸ್ ರೆಕಾರ್ಡ್ (ಸಹಿಯ ಕೀಲಿಯ ಗುರುತು) ಈಗ ಸಹಿಗೆ ಬಳಸುತ್ತಿರುವ ಕೀಲಿಗೆ ಹೊಂದುತ್ತಿಲ್ಲ, ಅಥವಾ ಸಹಿಗಳ ಅವಧಿ ಮುಗಿದಿದೆ. ಸಹಿ ಪರಿಶೀಲಿಸದ ರಿಸಾಲ್ವರ್ ಇರುವ ಇಂಟರ್ನೆಟ್ ಕಂಪನಿಯ ಗ್ರಾಹಕರಿಗೆ ತಾಣ ಎಂದಿನಂತೆ ತೆರೆಯುವುದರಿಂದ, ‘ನಮ್ಮಲ್ಲಿ ಬರುತ್ತಿದೆಯಲ್ಲ’ ಎಂದು ಹೋಸ್ಟಿಂಗ್‌ನವರು ವಾದಿಸುವುದೂ ಉಂಟು. ಈ ದೋಷ ಹುಟ್ಟುವುದು ಹೆಚ್ಚಾಗಿ ಕಂಪನಿ ಬದಲಿಸುವಾಗ ಹಳೆಯ ಡಿಎಸ್ ಅನ್ನು ರಿಜಿಸ್ಟ್ರಾರ್ ಬಳಿ ಹಾಗೆಯೇ ಬಿಟ್ಟಾಗ. ಮೊದಲು ಡಿಎಸ್ ತೆಗೆಸಬೇಕು, ಅದರ ಟಿಟಿಎಲ್ ಕಳೆಯುವವರೆಗೆ ಕಾಯಬೇಕು, ಆಮೇಲೆ ನೇಮ್‌ಸರ್ವರ್‌ಗಳನ್ನು ಬದಲಿಸಬೇಕು, ಹೊಸ ಕಡೆ ಸಹಿ ಆರಂಭವಾದ ಮೇಲೆ ಹೊಸ ಡಿಎಸ್ ಕೊಡಬೇಕು. ಡಿಎನ್‌ಎಸ್‌ವಿಜ್ ಎಂಬ ತಾಣ ಸಹಿಗಳ ಸರಪಳಿಯನ್ನು ಚಿತ್ರವಾಗಿ ತೋರಿಸುತ್ತದೆ, ಕೊಂಡಿ ಎಲ್ಲಿ ಕಳಚಿದೆ ಎಂಬುದು ಅದರಲ್ಲಿ ಕೆಂಪಾಗಿ ಕಾಣುತ್ತದೆ. ಒಟ್ಟು ತಪಾಸಣೆಗೆ ಜೋನ್‌ಮಾಸ್ಟರ್ ಒಳ್ಳೆಯದು. ಅದು ಲೇಮ್ ಸರ್ವರ್, ಹೊಂದದ ಪಟ್ಟಿ, ಟಿಸಿಪಿ ತಡೆ ಎಲ್ಲವನ್ನೂ ಒಂದೇ ವರದಿಯಲ್ಲಿ ಕೊಡುತ್ತದೆ.

ಎಲ್ಲ ಸರ್ವರುಗಳೂ ಒಂದೇ ಕೋಣೆಯಲ್ಲಿ

ಎರಡು ನೇಮ್‌ಸರ್ವರ್ ಹೆಸರುಗಳು ಒಂದೇ ಯಂತ್ರವನ್ನು ತೋರಿಸುತ್ತಿದ್ದರೆ ಅವು ಎರಡಲ್ಲ. ಅವು ಬೇರೆ ಬೇರೆ ಜಾಗದಲ್ಲಿ, ಬೇರೆ ಜಾಲದ ಮೇಲೆ ಇರಬೇಕೆಂದು 1997ರಲ್ಲೇ ಆರ್‌ಎಫ್‌ಸಿ 2182 ಸೂಚಿಸಿತ್ತು. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ನೇಮ್‌ಸರ್ವರ್‌ಗಳೆಲ್ಲ ಒಂದೇ ಜಾಲದ ಹಿಂದಿದ್ದುದರಿಂದ ರೂಟರಿನ ಒಂದು ತಪ್ಪು ಹೊಂದಾಣಿಕೆಯಿಂದ ಅದರ ತಾಣಗಳು ಕಣ್ಮರೆಯಾದವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಸೇವೆಗಳು ಸುಮಾರು ಆರು ಗಂಟೆ ನಿಂತಾಗಲೂ, ಒಳಗಿನ ಜಾಲ ಕಡಿದುಹೋದದ್ದರಿಂದ ಅದರ ನೇಮ್‌ಸರ್ವರ್‌ಗಳು ತಮ್ಮ ದಾರಿಯನ್ನು ತಾವೇ ಹಿಂತೆಗೆದುಕೊಂಡು ಹೊರಗಿನವರ ಕೈಗೆ ಸಿಗದಾಗಿದ್ದವು. ಅಂಥ ಸಂಸ್ಥೆಗಳಿಗೇ ಹೀಗಾಗುವಾಗ, ಕರೆಂಟ್ ಹೋದರೆ ಯುಪಿಎಸ್ ಅರ್ಧ ಗಂಟೆ ಎಳೆಯುವ ಕಚೇರಿಯಲ್ಲಿ ಸ್ವಂತ ನೇಮ್‌ಸರ್ವರ್ ಇಟ್ಟುಕೊಳ್ಳುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಸಣ್ಣ ವ್ಯಾಪಾರಕ್ಕೆ ರಿಜಿಸ್ಟ್ರಾರ್ ಉಚಿತವಾಗಿ ಕೊಡುವ ನೇಮ್‌ಸರ್ವರ್‌ಗಳೇ ಸಾಕು.

ಸರಿಪಡಿಸಿದ ಮೇಲಿನ ಕಾಯುವಿಕೆ

‘24ರಿಂದ 48 ಗಂಟೆ ಕಾಯಿರಿ’ ಎಂಬ ಸಿದ್ಧ ಉತ್ತರವನ್ನು ಕೇಳಿ ಸುಮ್ಮನಾಗಬೇಕಿಲ್ಲ. ಎಷ್ಟು ಕಾಯಬೇಕೆಂಬುದನ್ನು ಟಿಟಿಎಲ್ ನೋಡಿ ಲೆಕ್ಕ ಹಾಕಬಹುದು. ತಾಣದ ವಿಳಾಸ ಹೇಳುವ ಎ ರೆಕಾರ್ಡಿನ ಟಿಟಿಎಲ್ 3600 ಸೆಕೆಂಡು ಇದ್ದರೆ ಹಳೆಯ ಉತ್ತರ ಹೆಚ್ಚೆಂದರೆ ಒಂದು ಗಂಟೆ ಉಳಿಯುತ್ತದೆ. ಡಾಟ್ ಕಾಮ್‌ನ ಸರ್ವರುಗಳು ನೇಮ್‌ಸರ್ವರ್ ಪಟ್ಟಿಗೆ ಕೊಡುವ ಟಿಟಿಎಲ್ 172800 ಸೆಕೆಂಡು, ಅಂದರೆ ಎರಡು ದಿನ. 48 ಗಂಟೆಯ ಮಾತಿಗೆ ಇರುವ ಆಧಾರ ಅಷ್ಟೇ. ಇಲ್ಲದ ಹೆಸರನ್ನು ಯಾರಾದರೂ ಮೊದಲೇ ಕೇಳಿಬಿಟ್ಟಿದ್ದರೆ ‘ಇಲ್ಲ’ ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ, ಅದರ ಅವಧಿಯನ್ನು ಎಸ್‌ಒಎಯ ಕೊನೆಯ ಅಂಕಿ ಮತ್ತು ಎಸ್‌ಒಎಯ ಸ್ವಂತ ಟಿಟಿಎಲ್, ಇವೆರಡರಲ್ಲಿ ಚಿಕ್ಕದು ನಿರ್ಧರಿಸುತ್ತದೆ. ಹಾಗಾಗಿ ಹೊಸ ಹೆಸರನ್ನು ಸೇರಿಸುವ ಮುನ್ನವೇ ಬ್ರೌಸರಿನಲ್ಲಿ ತೆರೆದು ನೋಡುವ ಆತುರ ಬೇಡ. 8.8.8.8 ಮತ್ತು 1.1.1.1 ಎರಡಕ್ಕೂ ಒಂದು ಹೆಸರಿನ ನೆನಪನ್ನು ಅಳಿಸುವ ಸಾರ್ವಜನಿಕ ಪುಟಗಳಿವೆ. ವಿಂಡೋಸ್ ಯಂತ್ರದಲ್ಲಿ ಐಪಿಕಾನ್ಫಿಗ್ ಆದೇಶಕ್ಕೆ ಫ್ಲಶ್‌ಡಿಎನ್‌ಎಸ್ ಸೇರಿಸಿದರೆ ಸ್ಥಳೀಯ ನೆನಪು ಅಳಿಯುತ್ತದೆ.

ಬದಲಾವಣೆ ಮೊದಲೇ ಗೊತ್ತಿದ್ದರೆ ಹಿಂದಿನ ದಿನವೇ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿಡುವುದು ಜಾಣತನ, ಕೆಲಸ ನೆಲೆಗೊಂಡ ಮೇಲೆ ಮತ್ತೆ ಏರಿಸಬಹುದು. ಮೈಸೂರಿನ ಲಾಡ್ಜ್‌ಗಳವರು ದಸರಾ ಬುಕಿಂಗ್ ಆರಂಭವಾಗುವ ಹೊತ್ತಿನಲ್ಲಿ ಹೋಸ್ಟಿಂಗ್ ಬದಲಿಸುವುದನ್ನು ಬಿಟ್ಟು ಆಷಾಢದಲ್ಲೇ ಆ ಕೆಲಸ ಮುಗಿಸುವುದು ಒಳಿತು. ನೇಮ್‌ಸರ್ವರ್ ಬದಲಿಸಿದಾಗ ಹಳೆಯ ಕಂಪನಿಯ ಖಾತೆಯನ್ನು ಅಂದೇ ಮುಚ್ಚಬೇಡಿ. ಅಲ್ಲಿಯ ಜೋನ್‌ನಲ್ಲಿ ಹೊಸ ವಿಳಾಸಗಳನ್ನೂ ಹೊಸ ಎನ್‌ಎಸ್ ಪಟ್ಟಿಯನ್ನೂ ಬರೆದಿಟ್ಟು, ಮೇಲಿನವರ ಪಟ್ಟಿಯ ಟಿಟಿಎಲ್ ಮತ್ತು ಹಳೆಯ ಎನ್‌ಎಸ್ ರೆಕಾರ್ಡುಗಳ ಟಿಟಿಎಲ್ ಎರಡೂ ಕಳೆದ ಮೇಲೆ ನಾಲ್ಕನೆಯ ಹೆಜ್ಜೆಯ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ, ಹೊಸ ಸರ್ವರುಗಳ ಸೀರಿಯಲ್ ಎಲ್ಲ ಕಡೆ ಒಂದೇ ಎಂದು ಕಂಡ ನಂತರ ಆ ಖಾತೆಯನ್ನು ನಿಲ್ಲಿಸಿ.